ಹಳೆಯ ವಾಹನದ ಅಂಕಿಗಳನ್ನು ಓದುವುದು: ಸ್ಕ್ಯಾನರ್ ಆಧರಿಸಿದ ಒಂದು ಪಾಠ

ಒಂಬತ್ತನೆಯ ಮತ್ತು ಹತ್ತನೆಯ ತರಗತಿಗಳ ವಿಜ್ಞಾನ, ಗಣಿತ ಹಾಗೂ ಕನ್ನಡ ಶಿಕ್ಷಕರಿಗಾಗಿ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್ ದಾರಿ. ಸ್ವಾಮಿ ಸಮರ್ಥರ ದರ್ಶನಕ್ಕೆಂದು ಬರುವ ಯಾತ್ರಿಕರನ್ನು ಈ ದಾರಿಯಲ್ಲಿ ಕರೆದೊಯ್ಯುವ ವಾಹನಗಳಲ್ಲಿ ಹೊಸವೂ ಇವೆ, ಹತ್ತು ಹದಿನೈದು ವರ್ಷ ದಾಟಿದವೂ ಇವೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳಿಗೆ ಬರುವ ಕೆಲವು ಮಕ್ಕಳ ಮನೆ ಇಂಥ ಒಂದು ಹಳೆಯ ಗಾಡಿಯ ಮೇಲೆಯೇ ನಡೆಯುತ್ತದೆ. ಗಾಡಿಯ ಮುಂಭಾಗದ ಫಲಕದಲ್ಲಿ ಹಳದಿ ದೀಪ ಹೊತ್ತಿದರೆ ಗ್ಯಾರೇಜಿಗೆ ಹೋಗಬೇಕು; ಅಲ್ಲಿ ಸ್ಕ್ಯಾನರ್ ಹಚ್ಚಿ ಒಂದು ಸಂಕೇತ ಸಂಖ್ಯೆಯನ್ನು ತೋರಿಸುತ್ತಾರೆ; ಆ ಸಂಖ್ಯೆಯ ಹೆಸರಿನಲ್ಲಿ ಒಂದು ಬಿಡಿಭಾಗ ಬದಲಾಗುತ್ತದೆ. ಎರಡು ದಿನಗಳ ಮೇಲೆ ದೀಪ ಮತ್ತೆ ಹೊತ್ತುತ್ತದೆ. ಭಾಗದ ಬೆಲೆ ಹೋಯಿತು, ಕೂಲಿ ಹೋಯಿತು, ಎರಡು ದಿನಗಳ ಬಾಡಿಗೆಯೂ ಹೋಯಿತು. ಸ್ಕ್ಯಾನರ್ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದನ್ನು ಓದಿದ ಕ್ರಮ ತಪ್ಪಾಗಿತ್ತು.

ಓದುವುದನ್ನು ಕಲಿಸುವುದು ಶಿಕ್ಷಕರ ಕೆಲಸ. ಹತ್ತನೆಯ ತರಗತಿ ಮುಗಿಸಿದ ಮೇಲೆ ಐಟಿಐಗೆ ಸೇರುವ ಅಥವಾ ನೇರವಾಗಿ ಗ್ಯಾರೇಜಿನಲ್ಲಿ ಕೆಲಸ ಕಲಿಯಲು ನಿಲ್ಲುವ ವಿದ್ಯಾರ್ಥಿಗೆ ಓಮನ ನಿಯಮ, ಪೂರ್ಣಾಂಕ, ಆಲೇಖ ಇವೆಲ್ಲ ಕನ್ನಡದಲ್ಲಿ ಗೊತ್ತಿರುತ್ತವೆ. ಅವು ವಾಹನದ ಬಾನೆಟ್ಟಿನ ಕೆಳಗೆ ಎಲ್ಲಿ ಕುಳಿತಿವೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಪ್ರಸ್ತುತ ಪಾಠವು ಆ ಎರಡನ್ನು ಕೂಡಿಸುವ ಪ್ರಯತ್ನ. ಇದಕ್ಕೆ ಎರಡು ತಾಸಿನ ಅವಧಿ ಸಾಕು.

ಸ್ಕ್ಯಾನರ್ ಏನನ್ನು ತೋರಿಸುತ್ತದೆ

ಎಂಜಿನ್ನನ್ನು ನಡೆಸುವ ಒಂದು ಚಿಕ್ಕ ಗಣಕ ವಾಹನದಲ್ಲಿರುತ್ತದೆ. ಅದಕ್ಕೆ ಕಣ್ಣು ಕಿವಿಗಳಿಲ್ಲ. ಎಂಜಿನ್ನಿನ ನೀರು ಎಷ್ಟು ಬಿಸಿಯಾಗಿದೆ, ಒಳಬರುವ ಗಾಳಿ ಎಷ್ಟು ಬಿಸಿಯಾಗಿದೆ, ಗಾಳಿಯ ನಳಿಕೆಯಲ್ಲಿ ಒತ್ತಡವೆಷ್ಟು ಎಂಬುದನ್ನು ಸಂವೇದಕಗಳು, ಅಂದರೆ ಗ್ಯಾರೇಜಿನ ಮಾತಿನಲ್ಲಿ ಸೆನ್ಸರುಗಳು, ವಿದ್ಯುತ್ತಿನ ರೂಪದಲ್ಲಿ ಅದಕ್ಕೆ ತಿಳಿಸುತ್ತವೆ. ಗಣಕವು ಬಂದ ವೋಲ್ಟನ್ನು ಅಳೆದು, ತನ್ನೊಳಗಿನ ಕೋಷ್ಟಕದಂತೆ ಅದನ್ನು ತಾಪಮಾನವೆಂದೋ ಒತ್ತಡವೆಂದೋ ತಿಳಿದುಕೊಳ್ಳುತ್ತದೆ. ಆ ತಿಳಿವಳಿಕೆಯನ್ನು ಸ್ಕ್ಯಾನರ್ ನಮ್ಮ ಮುಂದಿಡುತ್ತದೆ. ಆದುದರಿಂದ ಪರದೆಯ ಮೇಲೆ 83 ಎಂದು ಕಂಡರೆ 'ಎಂಜಿನ್ 83 ಡಿಗ್ರಿ ಇದೆ' ಎಂದು ಓದುವುದು ಅವಸರದ ಓದು. 'ಎಂಜಿನ್ 83 ಡಿಗ್ರಿ ಇದೆಯೆಂದು ಗಣಕ ನಂಬಿದೆ' ಎಂಬುದು ಸರಿಯಾದ ಓದು. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸವೇ ಇಡೀ ಪಾಠದ ವಸ್ತು. ಅದನ್ನು ಹಲಗೆಯ ಮೇಲೆ ಬರೆದು ಅವಧಿ ಮುಗಿಯುವವರೆಗೆ ಅಳಿಸದೆ ಇಡಬೇಕು.

ಸಂಕೇತ ಸಂಖ್ಯೆಯ ವಿಷಯವೂ ಹಾಗೆಯೇ. ಹಾಸಿನ ಎಳೆ ಕಡಿದರೆ ತಾನಾಗಿಯೇ ನಿಲ್ಲುವ ಮಗ್ಗಗಳನ್ನು ಸೊಲ್ಲಾಪುರದ ಮಕ್ಕಳಲ್ಲಿ ಅನೇಕರು ನೋಡಿರುತ್ತಾರೆ. ಎಳೆ ಕಡಿದಿದೆ ಎಂದು ಮಗ್ಗ ಹೇಳುತ್ತದೆ. ನೂಲು ಹಳತಾಗಿತ್ತೋ, ಗಂಜಿ ಕಡಿಮೆಯಾಗಿತ್ತೋ, ಬಿಗಿತ ಹೆಚ್ಚಾಗಿತ್ತೋ ಎಂಬುದನ್ನು ನೇಕಾರನೇ ನೋಡಿ ತಿಳಿಯಬೇಕು. ಸಂಕೇತವು ಕಡಿದ ಎಳೆಯ ಸುದ್ದಿಯಷ್ಟೇ.

ಯಾವ ವಾಹನ ಮಾತನಾಡುತ್ತದೆ

ಹಳೆಯ ವಾಹನ ಎಂಬ ಮಾತಿನಲ್ಲಿ ಹಲವು ತಲೆಮಾರುಗಳು ಅಡಗಿವೆ. ಕಾರ್ಬ್ಯುರೇಟರ್ ಇದ್ದ ಪದ್ಮಿನಿ, ಅಂಬಾಸಿಡರ್ ಕಾರುಗಳಿಗೂ ಯಾಂತ್ರಿಕ ಪಂಪಿನ ಹಳೆಯ ಡೀಸೆಲ್ ಜೀಪುಗಳಿಗೂ ಎಂಜಿನ್ ಗಣಕವೇ ಇಲ್ಲ. ಅವುಗಳ ಮುಂದೆ ಸ್ಕ್ಯಾನರಿಗೆ ಕೆಲಸವಿಲ್ಲ. ಅನಂತರ ಬಂದ, ಇಂಧನವನ್ನು ಸಿಂಪಡಿಸುವ ಮೊದಲ ಪೀಳಿಗೆಯ ಕಾರುಗಳಲ್ಲಿ ಗಣಕವಿದ್ದರೂ ಪ್ರತಿ ತಯಾರಕರದೂ ಬೇರೆ ಬೇರೆ ಭಾಷೆ. ಕೆಲವು ಕಾರುಗಳಲ್ಲಿ ಫಲಕದ ದೀಪ ಮಿನುಗುವುದನ್ನು ಎಣಿಸಿಯೇ ಸಂಕೇತವನ್ನು ತಿಳಿಯಬೇಕಿತ್ತು: ಒಂದು ಮಿನುಗು, ಸ್ವಲ್ಪ ಬಿಡುವು, ಎರಡು ಮಿನುಗು ಎಂದರೆ 12. ಸಾಮಾನ್ಯ ಭಾಷೆಯೊಂದನ್ನು ಕಡ್ಡಾಯ ಮಾಡಿದ್ದು ಹೊಗೆಯ ನಿಯಮ. ಅಮೆರಿಕದಲ್ಲಿ 1996ರ ಮಾದರಿಯಿಂದ ಎಲ್ಲ ಕಾರುಗಳಿಗೂ ಒಂದೇ ಬಗೆಯ ತಪಾಸಣಾ ವ್ಯವಸ್ಥೆ ಮತ್ತು 16 ಪಿನ್ನುಗಳ ಒಂದೇ ಬಗೆಯ ಸಾಕೆಟ್ ಬಂದವು.

ನಮ್ಮ ದೇಶದ ಕಥೆಯಲ್ಲಿ ಸೊಲ್ಲಾಪುರಕ್ಕೆ ವಿಶೇಷ ಸ್ಥಾನವಿದೆ. ಇದನ್ನು ಮಕ್ಕಳಿಗೆ ಹೇಳಲೇಬೇಕು. 2010ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 4 ಎಂಬ ಹೊಗೆಯ ಮಾನಕವು ಮೊದಲು 13 ನಗರಗಳಲ್ಲಿ ಜಾರಿಗೆ ಬಂದಿತು. ದಿಲ್ಲಿ, ಕೋಲ್ಕತಾ, ಚೆನ್ನೈ, ಬೆಂಗಳೂರು, ಹೈದರಾಬಾದುಗಳಂಥ ಮಹಾನಗರಗಳ ಆ ಪಟ್ಟಿಯಲ್ಲಿ ಮಹಾರಾಷ್ಟ್ರದಿಂದ ಇದ್ದವು ಮೂರೇ: ಮುಂಬಯಿ, ಪುಣೆ ಮತ್ತು ಸೊಲ್ಲಾಪುರ. ಆ ಮಾನಕ ಹಂತಹಂತವಾಗಿ ಹರಡಿ ಇಡೀ ದೇಶಕ್ಕೆ ಅನ್ವಯವಾದುದು 2017ರ ಏಪ್ರಿಲ್ 1ರಂದು. ಹೊಸ ಮಾನಕದ ಕಾರುಗಳಲ್ಲಿ ತಪಾಸಣಾ ವ್ಯವಸ್ಥೆಯ ಮೊದಲ ಹಂತ 2010ರಿಂದಲೂ ಎರಡನೆಯ ಹಂತ 2013ರಿಂದಲೂ ಕಡ್ಡಾಯವಾಯಿತು. ಅಕ್ಕಲಕೋಟೆ ಆ ಪಟ್ಟಿಯಲ್ಲಿರಲಿಲ್ಲ. ಹೀಗಾಗಿ ಒಂದೇ ಜಿಲ್ಲೆಯೊಳಗೆ, ಒಂದೇ ಎಂಎಚ್ 13 ಫಲಕ ಹೊತ್ತ, ಒಂದೇ ವರ್ಷದ ಎರಡು ಕಾರುಗಳಲ್ಲಿ ಒಂದು ಸ್ಕ್ಯಾನರಿನೊಡನೆ ಸರಾಗವಾಗಿ ಮಾತನಾಡಬಹುದು, ಇನ್ನೊಂದು ಮೌನವಾಗಿರಬಹುದು. ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. 2010ರ ಕಾರುಗಳು 2025ರಲ್ಲಿ ಆ ಗಡಿಯನ್ನು ತಲುಪಿವೆ. ಪುನರ್ನೋಂದಣಿ ಮಾಡಿಸಿಕೊಂಡು ಓಡಾಡುತ್ತಿರುವ ಇಂಥವೇ ನಮ್ಮ ಪಾಠಕ್ಕೆ ಬೇಕಾದ ವಾಹನಗಳು.

ಸ್ಟಿಯರಿಂಗಿನ ಕೆಳಗೆ 16 ಪಿನ್ನಿನ ಸಾಕೆಟ್ ಕಂಡ ಮಾತ್ರಕ್ಕೆ ಸಾಮಾನ್ಯ ಭಾಷೆ ಇದೆಯೆಂದು ತಿಳಿಯಬಾರದು. ಕೆಲವು ತಯಾರಕರು ಸಾಕೆಟ್ಟನ್ನು ಮೊದಲೇ ಕೂಡಿಸಿ, ಒಳಗೆ ತಮ್ಮದೇ ಭಾಷೆಯನ್ನು ಇರಿಸಿಕೊಂಡಿದ್ದರು. ಮೊಬೈಲಿನೊಂದಿಗೆ ಬ್ಲೂಟೂತ್ ಮೂಲಕ ಜೋಡಿಸುವ ಅಗ್ಗದ ಇಎಲ್‌ಎಂ 327 ಅಡಾಪ್ಟರುಗಳಲ್ಲಿ ನಕಲುಗಳು ಬಹಳ. ಅವುಗಳಲ್ಲಿ ಹಲವು ಹಳೆಯ ಭಾಷೆಗಳನ್ನು ಅರಿಯವು. 'ಗಾಡಿಯ ಕಂಪ್ಯೂಟರ್ ಸತ್ತಿದೆ' ಎಂದು ತೀರ್ಮಾನಿಸುವ ಮೊದಲು ಬೇರೊಂದು ಸ್ಕ್ಯಾನರ್ ಹಚ್ಚಿ ನೋಡುವುದು ಒಳಿತು.

ಮೈನಸ್ 40

ಸಾಮಾನ್ಯ ಭಾಷೆಯಲ್ಲಿ ಎಂಜಿನ್ ನೀರಿನ ತಾಪಮಾನವನ್ನು ಗಣಕವು ಒಂದು ಬೈಟಿನಲ್ಲಿ, ಎಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆಯಾಗಿ ಕಳುಹಿಸುತ್ತದೆ. ಬೈಟಿಗೆ ಋಣ ಚಿಹ್ನೆ ಇಲ್ಲ. ಶೀತದೇಶಗಳಲ್ಲಿಯಾದರೋ ತಾಪಮಾನ ಸೊನ್ನೆಗಿಂತ ಕೆಳಗಿಳಿಯುತ್ತದೆ. ಆದ್ದರಿಂದ ನಿಯಮ ಮಾಡಿದವರು ಸೊನ್ನೆಯನ್ನೇ ಸರಿಸಿದರು: ಬಂದ ಸಂಖ್ಯೆಯಿಂದ 40 ಕಳೆಯಬೇಕು. 123 ಬಂದರೆ 83 ಡಿಗ್ರಿ. 58 ಬಂದರೆ 18 ಡಿಗ್ರಿ. ಅತಿ ಕಡಿಮೆ ಅಂಕಿ ಮೈನಸ್ 40, ಅತಿ ಹೆಚ್ಚಿನದು 215. ಪೂರ್ಣಾಂಕಗಳ ವ್ಯವಕಲನಕ್ಕೆ ಇದಕ್ಕಿಂತ ಸಹಜವಾದ ಉದಾಹರಣೆ ನನಗೆ ಇನ್ನೊಂದು ದೊರೆತಿಲ್ಲ. ಎಂಜಿನ್ನಿನ ಸುತ್ತುಗಳಿಗೆ ಎರಡು ಬೈಟುಗಳು: ಮೊದಲನೆಯದನ್ನು 256ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, 4ರಿಂದ ಭಾಗಿಸಬೇಕು. 12 ಮತ್ತು 128 ಬಂದರೆ 3072ಕ್ಕೆ 128 ಕೂಡಿ 3200, ಭಾಗಿಸಿದರೆ ನಿಮಿಷಕ್ಕೆ 800 ಸುತ್ತು. ನಿಂತಲ್ಲಿ ಓಡುತ್ತಿರುವ ಕಾರಿಗೆ ಇದು ಸಹಜ. ಆಸಕ್ತಿ ಇರುವ ವಿದ್ಯಾರ್ಥಿಗಳಿಗೆ ಕಚ್ಚಾ ಉತ್ತರವನ್ನೂ ತೋರಿಸಬಹುದು: '41 05 7ಬಿ' ಎಂದು ಬಂದರೆ ಕೊನೆಯ ಜೋಡಿಯು ಹದಿನಾರನೆಯ ಆಧಾರದ ಸಂಖ್ಯೆ, 7ನ್ನು 16ರಿಂದ ಗುಣಿಸಿ 'ಬಿ'ಯ ಬೆಲೆ 11 ಕೂಡಿಸಿದರೆ 123.

ಈಗ ಮೇ ತಿಂಗಳ ಸೊಲ್ಲಾಪುರವನ್ನು ಊಹಿಸಲು ಹೇಳಬೇಕು. ನೆರಳಿನಲ್ಲಿಯೇ 40 ಡಿಗ್ರಿ ದಾಟಿದ ಮಧ್ಯಾಹ್ನ. ಸ್ಕ್ಯಾನರ್ ಎಂಜಿನ್ನಿನ ತಾಪಮಾನ ಮೈನಸ್ 40 ಎಂದು ತೋರಿಸುತ್ತಿದೆ. ತರಗತಿಯಲ್ಲಿ ಮಾತುಕತೆ ಹೀಗೆ ಸಾಗಬಹುದು:

'ಸರ, ಮೈನಸ್ ನಲವತ್ತ ಅಂದ್ರ ಒಳಗ ಬರ್ಫ ಆಗಿರಬೇಕಲ್ರೀ?'

'ಆಗಿದೆಯೇನಪ್ಪಾ?'

'ಇಲ್ರೀ ಸರ, ಬಾನೆಟ್ ಮುಟ್ಟಿದ್ರ ಸುಡ್ತದ.'

'ಹಾಗಾದರೆ ಗಣಕಕ್ಕೆ ಆ ಸಂಖ್ಯೆ ಎಲ್ಲಿಂದ ಬಂತು?'

ಉತ್ತರ ಓಮನ ನಿಯಮದಲ್ಲಿದೆ. ತಾಪಮಾನದ ಸಂವೇದಕವು ಒಂದು ಬಗೆಯ ರೋಧಕ. ಬಿಸಿ ಏರಿದಂತೆ ಅದರ ರೋಧ ಇಳಿಯುತ್ತದೆ. ಹಲವು ಕಾರುಗಳಲ್ಲಿ 20 ಡಿಗ್ರಿಗೆ ಸುಮಾರು 2500 ಓಮ್, 80 ಡಿಗ್ರಿಗೆ ಸುಮಾರು 300 ಓಮ್ ಇರುತ್ತದೆ. ಗಣಕವು ತನ್ನೊಳಗಿನ ಒಂದು ಸ್ಥಿರ ರೋಧಕದ ಮೂಲಕ 5 ವೋಲ್ಟನ್ನು ಈ ಸಂವೇದಕಕ್ಕೆ ಕೊಟ್ಟು, ಸಂವೇದಕದ ಎರಡು ತುದಿಗಳ ನಡುವಿನ ವಿಭವಾಂತರವನ್ನು ಅಳೆಯುತ್ತದೆ. ಲೆಕ್ಕದ ಅನುಕೂಲಕ್ಕೆ ಒಳಗಿನ ರೋಧಕವನ್ನೂ 2500 ಓಮ್ ಎಂದೇ ಇಟ್ಟುಕೊಳ್ಳೋಣ. 20 ಡಿಗ್ರಿಯಲ್ಲಿ ಎರಡೂ ಸಮ, ಆದ್ದರಿಂದ 2.5 ವೋಲ್ಟ್. 80 ಡಿಗ್ರಿಯಲ್ಲಿ 5ನ್ನು 300ರಿಂದ ಗುಣಿಸಿ 2800ರಿಂದ ಭಾಗಿಸಿದರೆ ಸುಮಾರು 0.54 ವೋಲ್ಟ್. ತಂತಿ ಕಡಿದಿದ್ದರೆ? ವಿದ್ಯುತ್ ಹರಿಯುವುದಿಲ್ಲ, ಪೂರ್ಣ 5 ವೋಲ್ಟ್ ಉಳಿಯುತ್ತದೆ. ವೋಲ್ಟ್ ಹೆಚ್ಚಾದಷ್ಟೂ ತಂಪು ಎಂದು ಕಲಿತಿರುವ ಗಣಕಕ್ಕೆ ಇದು ಪರಮ ಶೀತ. ಅದು ತನ್ನ ಕೋಷ್ಟಕದ ತಳಕ್ಕೆ ಇಳಿದು ಮೈನಸ್ 40 ಎನ್ನುತ್ತದೆ. ಎರಡು ತಂತಿಗಳು ಒಂದಕ್ಕೊಂದು ತಗುಲಿದ್ದರೆ ಸೊನ್ನೆ ವೋಲ್ಟ್. ಆಗ ಕೋಷ್ಟಕದ ಮೇಲ್ತುದಿಯ, ನಂಬಲಾಗದಷ್ಟು ದೊಡ್ಡ ತಾಪಮಾನ ಕಾಣಿಸುತ್ತದೆ.

ಕನ್ನಡ ಶಿಕ್ಷಕರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ತಂತಿ ಕಡಿದಾಗ ಬರುವ ಸಂಕೇತ ಪಿ 0118. ಅದರ ಜೊತೆಗೆ ಪರದೆಯಲ್ಲಿ 'ಎಂಜಿನ್ ಕೂಲಂಟ್ ಟೆಂಪರೇಚರ್ ಸರ್ಕ್ಯೂಟ್ ಹೈ' ಎಂಬ ಮಾತು ಕಾಣುತ್ತದೆ. ಅರೆಬರೆ ಇಂಗ್ಲಿಷಿನ ಓದುಗನಿಗೆ ಟೆಂಪರೇಚರ್ ಮತ್ತು ಹೈ ಎರಡೇ ಕಣ್ಣಿಗೆ ಬೀಳುತ್ತವೆ. ಎಂಜಿನ್ ಕಾದಿದೆ ಎಂದು ತಿಳಿದು ರೇಡಿಯೇಟರಿನ ಕಡೆಗೆ ಹೊರಡುತ್ತಾನೆ. ಇಲ್ಲಿ ಹೆಚ್ಚಾಗಿರುವುದು ತಾಪಮಾನವಲ್ಲ, ಮಂಡಲದ ವೋಲ್ಟ್. ಅಂದರೆ ತೋರುವ ತಾಪಮಾನ ಅತಿ ಕಡಿಮೆ. ವಿಶೇಷಣ ಯಾವ ನಾಮಪದಕ್ಕೆ ಸೇರುತ್ತದೆ ಎಂಬ ವ್ಯಾಕರಣದ ಪ್ರಶ್ನೆಯೇ ಇಲ್ಲಿ ಹಣದ ಪ್ರಶ್ನೆಯಾಗಿದೆ. 'ಎಂಜಿನ್ ನೀರಿನ ತಾಪಮಾನವನ್ನು ಅಳೆಯುವ ಮಂಡಲದಲ್ಲಿ ವೋಲ್ಟ್ ಅಧಿಕವಾಗಿದೆ' ಎಂದು ವಿದ್ಯಾರ್ಥಿಗಳಿಂದಲೇ ಬಿಡಿಸಿ ಬರೆಯಿಸಬೇಕು. ಪದಕ್ಕೆ ಪದ ಇಟ್ಟು ಅನುವಾದಿಸುವ ಅಭ್ಯಾಸದಿಂದ ಆಗುವ ಕೇಡನ್ನು ತೋರಿಸಲು ಇಂಥ ವಾಕ್ಯಗಳನ್ನು ಕೂಡಿಟ್ಟುಕೊಳ್ಳುವುದು ಲೇಸು.

ಕಿಲುಬು ಹಿಡಿದ ತಂತಿ

ಮೈನಸ್ 40 ಸುಲಭದ ಪ್ರಕರಣ. ಸುಳ್ಳು ಬಹಳ ದೊಡ್ಡದಾದ್ದರಿಂದ ಯಾರೂ ನಂಬುವುದಿಲ್ಲ. ಹಳೆಯ ವಾಹನಗಳಲ್ಲಿ ನಿಜವಾಗಿ ಕಾಡುವುದು ಸಣ್ಣ ಸುಳ್ಳು.

ಸಂವೇದಕಕ್ಕೆ ಹೋಗುವ ತಂತಿಯೊಳಗೆ ಅಥವಾ ಗ್ಯಾರೇಜಿನವರು ಕಪ್ಲರ್ ಎನ್ನುವ ಜೋಡಣೆಯಲ್ಲಿ ನೀರು ಇಳಿದು ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ತಂತಿ ಕಡಿದಿಲ್ಲ, ಆದರೆ ರೋಧ ಹೆಚ್ಚಿದೆ. ಹೆಚ್ಚಿದ ರೋಧ 700 ಓಮ್ ಎಂದು ಇಟ್ಟುಕೊಂಡು ಲೆಕ್ಕ ಮಾಡಿಸಬೇಕು. ಎಂಜಿನ್ ನಿಜವಾಗಿ 80 ಡಿಗ್ರಿಯಲ್ಲಿದೆ. ಸಂವೇದಕ 300 ಓಮ್ ಎಂದು ನಿಷ್ಠೆಯಿಂದ ಹೇಳುತ್ತಿದೆ. ಗಣಕಕ್ಕೆ ಕೇಳಿಸುವುದು 300 ಮತ್ತು 700 ಕೂಡಿ 1000 ಓಮ್. ವಿಭವಾಂತರ 5ನ್ನು 1000ದಿಂದ ಗುಣಿಸಿ 3500ರಿಂದ ಭಾಗಿಸಿದಷ್ಟು, ಸುಮಾರು 1.43 ವೋಲ್ಟ್. ಕೋಷ್ಟಕದಲ್ಲಿ 1000 ಓಮ್ ಎಂದರೆ ಸುಮಾರು 43 ಡಿಗ್ರಿ.

ಇದರ ಪರಿಣಾಮಗಳನ್ನು ಮಕ್ಕಳೇ ಹೇಳಲಿ. ಎಂಜಿನ್ ಇನ್ನೂ ಪೂರ್ತಿ ಕಾದಿಲ್ಲವೆಂದು ನಂಬಿದ ಗಣಕ ಹೆಚ್ಚು ಪೆಟ್ರೋಲು ಸುರಿಯುತ್ತದೆ, ಆವರೇಜ್ ಬಿದ್ದುಹೋಗುತ್ತದೆ, ಹೊಗೆ ಕಪ್ಪಾಗುತ್ತದೆ. ಇದೇ ಅಂಕಿಯನ್ನು ನೋಡಿ ರೇಡಿಯೇಟರ್ ಫ್ಯಾನ್ ನಡೆಸುವ ವಾಹನವಾದರೆ ಫ್ಯಾನ್ ತಿರುಗುವುದೇ ಇಲ್ಲ. ಏರುಬಿಸಿಲಿನಲ್ಲಿ ಜನರನ್ನು ತುಂಬಿಕೊಂಡು ಹೊರಟ ಗಾಡಿ ದಾರಿಯಲ್ಲಿ ಕುದಿದು ನಿಲ್ಲುತ್ತದೆ. ಇಷ್ಟಾದರೂ ಹಳದಿ ದೀಪ ಹೊತ್ತಿರುವುದಿಲ್ಲ. ಹಳೆಯ ವಾಹನದ ಗಣಕ ಹೆಚ್ಚಾಗಿ ಎರಡು ತುದಿಗಳನ್ನು ಮಾತ್ರ ಕಾಯುತ್ತದೆ: ವೋಲ್ಟ್ ಬಹುತೇಕ 5 ಆಗಿದೆಯೇ, ಬಹುತೇಕ ಸೊನ್ನೆಯಾಗಿದೆಯೇ? 1.43 ಎಂಬುದು ನಡುವಿನ ಮರ್ಯಾದಸ್ಥ ಸಂಖ್ಯೆ. ಇಷ್ಟು ಹೊತ್ತಿನಲ್ಲಿ ಎಂಜಿನ್ ಇಷ್ಟು ಬಿಸಿಯಾಗಬೇಕಿತ್ತಲ್ಲ ಎಂದು ಲೆಕ್ಕ ಹಾಕುವ ಜಾಣತನ ಅನಂತರದ ಗಣಕಗಳಿಗೆ ಬಂದಿತು. ಹಳೆಯದರಲ್ಲಿ ಆ ಕೆಲಸ ಮನುಷ್ಯನದು. 'ಕೋಡ್ ಇಲ್ಲ, ಆದ್ದರಿಂದ ಸೆನ್ಸರ್ ಎಲ್ಲ ಸರಿ ಇವೆ' ಎಂಬ ಗ್ಯಾರೇಜಿನ ತರ್ಕ ಇಲ್ಲಿ ಮುರಿದುಬೀಳುತ್ತದೆ. ಹೊಸ ಸಂವೇದಕ ಹಾಕಿದರೂ ಫಲವಿಲ್ಲ. ಹೊಸದೂ ಅದೇ ಕಿಲುಬಿನ ತಂತಿಯ ಮೂಲಕವೇ ಮಾತನಾಡಬೇಕು.

ಮುಂಜಾನೆ ತಣ್ಣಗಿರುವಾಗ ಇದೇ ತಂತಿ ಎಷ್ಟು ಸುಳ್ಳು ಹೇಳುತ್ತದೆ? 19 ಡಿಗ್ರಿಯಲ್ಲಿ ಸಂವೇದಕದ ರೋಧ ಸುಮಾರು 2600 ಓಮ್. 700 ಕೂಡಿದರೆ 3300. ಗಣಕ ಓದುವುದು ಸುಮಾರು 14 ಡಿಗ್ರಿ. ವ್ಯತ್ಯಾಸ ಐದೇ ಡಿಗ್ರಿ. ಬಿಸಿಯಾದಾಗ ಅದೇ ವ್ಯತ್ಯಾಸ 37 ಡಿಗ್ರಿ. ಕೂಡಿಸಿದ್ದು ಅದೇ 700, ಆದರೆ 2600ರ ಪಕ್ಕದಲ್ಲಿ ಅದು ಸಣ್ಣದು, 300ರ ಪಕ್ಕದಲ್ಲಿ ದೈತ್ಯ. ಅನುಪಾತ ಎಂಬ ಪದದ ಅರ್ಥ ಇಲ್ಲಿ ಹೇಳದೆಯೇ ತಿಳಿಯುತ್ತದೆ.

ತಂತಿಯ ದೋಷವೋ ಸಂವೇದಕದ ದೋಷವೋ ಎಂದು ಬೇರ್ಪಡಿಸುವ ಪರೀಕ್ಷೆ ಸರಳ. ಕಪ್ಲರ್ ಬಿಚ್ಚಿದರೆ ಪರದೆಯಲ್ಲಿ ಮೈನಸ್ 40 ಬರಬೇಕು. ಬಿಚ್ಚಿದ ಕಪ್ಲರಿನ ಎರಡು ತಂತಿಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿದರೆ ಅಂಕಿ ಮೇಲ್ತುದಿಗೆ ಹಾರಬೇಕು. ನಮ್ಮ ಉದಾಹರಣೆಯಲ್ಲಿ ಅದು ಹಾರುವುದಿಲ್ಲ. 700 ಓಮ್ ಇನ್ನೂ ದಾರಿಯಲ್ಲಿರುವುದರಿಂದ ಸುಮಾರು 53ಕ್ಕೆ ನಿಲ್ಲುತ್ತದೆ. ಸಂವೇದಕವೇ ಮಂಡಲದಲ್ಲಿ ಇಲ್ಲದಿರುವಾಗಲೂ ತಪ್ಪು ಉಳಿದಿದೆ ಎಂದ ಮೇಲೆ ಸಂವೇದಕ ನಿರಪರಾಧಿ. ಈ ಕೂಡಿಸುವ ಪರೀಕ್ಷೆ ಎರಡು ತಂತಿಗಳ ತಾಪಮಾನ ಸಂವೇದಕಕ್ಕೆ ಮಾತ್ರ ಸಲ್ಲುತ್ತದೆ. ಮೂರು ತಂತಿಗಳ ಸಂವೇದಕಗಳಲ್ಲಿ ಹಾಗೆ ಮಾಡಿದರೆ ಗಣಕದ 5 ವೋಲ್ಟಿನ ಪೂರೈಕೆಗೇ ಧಕ್ಕೆಯಾಗಬಹುದು. ಅದನ್ನು ಅನುಭವಿ ಮೆಕ್ಯಾನಿಕ್ ಮಾಡಬೇಕು, ವಿದ್ಯಾರ್ಥಿಗಳು ಪರದೆ ನೋಡಿ ಬರೆದುಕೊಳ್ಳಬೇಕು.

ಸೊಲ್ಲಾಪುರದ ಎತ್ತರ ಮತ್ತು 96

ಭೂಗೋಳದ ಶಿಕ್ಷಕರಿಗೂ ಇಲ್ಲಿ ಪಾಲಿದೆ. ಗಾಳಿಯ ನಳಿಕೆಯ ಒತ್ತಡವನ್ನು ಅಳೆಯುವ ಸಂವೇದಕವಿರುವ ಕಾರಿನಲ್ಲಿ, ಎಂಜಿನ್ ಆರಿಸಿ ಕೀಲಿಯನ್ನಷ್ಟೇ ತಿರುಗಿಸಿದಾಗ ನಳಿಕೆಯೊಳಗೂ ಹೊರಗೂ ಒಂದೇ ಒತ್ತಡವಿರುತ್ತದೆ. ಪರದೆಯಲ್ಲಿ ಕಾಣಬೇಕಾದುದು ಆ ಊರಿನ ವಾಯುಭಾರ. ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೋಪ್ಯಾಸ್ಕಲ್. ಸೊಲ್ಲಾಪುರ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಸುಮಾರು 96. ಮುಂಬಯಿಯಲ್ಲಿ ಸರಿಯಾದ 101 ಇಲ್ಲಿ ಸಂಶಯಕ್ಕೆ ಕಾರಣ. ಮೊಬೈಲಿನ ಹವಾಮಾನ ಆ್ಯಪಿನೊಂದಿಗೆ ಹೋಲಿಸುವವರು ಎಚ್ಚರದಿಂದಿರಬೇಕು: ಹವಾಮಾನ ವರದಿಗಳು ಒತ್ತಡವನ್ನು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿ ಹೇಳುತ್ತವೆ, ಆ 101ನ್ನು ನೋಡಿ ಒಳ್ಳೆಯ ಸಂವೇದಕವನ್ನು ಕಿತ್ತೆಸೆಯುವ ಅಪಾಯವಿದೆ. ಎಂಜಿನ್ ನಡೆಸಿ ನಿಂತಲ್ಲೇ ಬಿಟ್ಟರೆ ಅಂಕಿ 30ರಿಂದ 45ರೊಳಗೆ ಇಳಿಯಬೇಕು.

ನಿದಾನ ಮತ್ತು ನಿಧಾನ

ರೋಗದ ಮೂಲವನ್ನು ಹುಡುಕುವುದಕ್ಕೆ ನಮ್ಮ ಭಾಷೆಯಲ್ಲಿ ನಿದಾನ ಎಂಬ ಮಾತಿದೆ. ಆಯುರ್ವೇದದ ಮಾಧವ ನಿದಾನ ಆ ಹೆಸರನ್ನೇ ಹೊತ್ತ ಗ್ರಂಥ. ಮಹಾಪ್ರಾಣ ಹಾಕಿದರೆ ನಿಧಾನ, ಅವಸರವಿಲ್ಲದ ನಡೆ. ಮರಾಠಿಯಲ್ಲಿ ನಿದಾನ ಎಂದರೆ ರೋಗನಿರ್ಣಯವೂ ಹೌದು, 'ಕನಿಷ್ಠಪಕ್ಷ' ಎಂಬ ಅವ್ಯಯವೂ ಹೌದು. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಈ ಮೂರನ್ನೂ ಕಲಸಿಬಿಡುತ್ತಾರೆ. ಕಾಗುಣಿತದ ಪಾಠವನ್ನು ಇಲ್ಲಿಯೇ ಮಾಡಿಬಿಡಬಹುದು.

ಹಳೆಯ ವಾಹನದ ನಿದಾನಕ್ಕೆ ನಿಧಾನವೂ ಬೇಕು ಎಂಬುದಕ್ಕೆ ತಾಂತ್ರಿಕ ಕಾರಣವೇ ಇದೆ. ಕೆ-ಲೈನ್ ಎಂಬ ಹಳೆಯ ಬಗೆಯ ತಂತಿಯಲ್ಲಿ ಸುದ್ದಿ ಸಾಗುವ ವೇಗ ಸೆಕೆಂಡಿಗೆ 10,400 ಬಿಟ್. ಅನಂತರ ಬಂದ ಕ್ಯಾನ್ ಪದ್ಧತಿಯಲ್ಲಿ ಸಾಮಾನ್ಯವಾಗಿ 5,00,000. ಹಳೆಯ ಕಾರಿಗೆ ಒಮ್ಮೆಗೇ ಇಪ್ಪತ್ತು ಅಂಕಿಗಳನ್ನು ಕೇಳಿದರೆ ಪ್ರತಿಯೊಂದೂ ಹಲವು ಸೆಕೆಂಡುಗಳಿಗೊಮ್ಮೆ ಬದಲಾಗುತ್ತದೆ. ನಡುವೆ ಕ್ಷಣಮಾತ್ರ ಆಗಿ ಹೋದ ದೋಷ ಕಾಣುವುದೇ ಇಲ್ಲ. ಮೂರು ಅಥವಾ ನಾಲ್ಕು ಅಂಕಿಗಳನ್ನು ಮಾತ್ರ ಆರಿಸಿಕೊಂಡರೆ ಅವು ಬೇಗ ಬೇಗ ಬರುತ್ತವೆ. ಏನನ್ನು ಕೇಳಬೇಕೆಂದು ಮೊದಲೇ ಯೋಚಿಸಿರಬೇಕು ಎಂದಾಯಿತು. ಎಲ್ಲವನ್ನೂ ತೆರೆದಿಟ್ಟು ಕಣ್ಣಾಡಿಸುವ ಅಭ್ಯಾಸ ಹೊಸ ಕಾರಿನಲ್ಲಿ ನಡೆದೀತು, ಇಲ್ಲಿ ನಡೆಯದು.

ತಯಾರಕರ ಸ್ವಂತ ಭಾಷೆಯ ಕೆಲವು ಹಳೆಯ ವಾಹನಗಳಲ್ಲಿ ಇನ್ನೊಂದು ತೊಡಕಿದೆ. ಸಂವೇದಕ ಕೈಕೊಟ್ಟಿತೆಂದು ತಿಳಿದ ಕೂಡಲೇ ಗಣಕವು ಎಂಜಿನ್ ನಿಲ್ಲದಿರಲೆಂದು 80 ಡಿಗ್ರಿಯಂಥ ಒಂದು ಬದಲಿ ಅಂಕಿಯನ್ನು ತಾನೇ ಹಿಡಿಯುತ್ತದೆ, ಸ್ಕ್ಯಾನರಿಗೂ ಅದನ್ನೇ ಹೇಳುತ್ತದೆ. ಪರದೆ ನೋಡಿದರೆ ಎಲ್ಲ ಕ್ಷೇಮ. ಉತ್ತರ ಗೊತ್ತಿಲ್ಲದ ವಿದ್ಯಾರ್ಥಿ ಪಕ್ಕದವನ ಹಾಳೆ ನೋಡಿ ಸರಿಯುತ್ತರ ಬರೆದಂತೆ ಇದು. ನೈದಾನಿಕ ಪರೀಕ್ಷೆಗಳನ್ನು ನಡೆಸುವ ಶಿಕ್ಷಕರಿಗೆ ಈ ಸ್ಥಿತಿ ಹೊಸದಲ್ಲ: ತಪ್ಪುತ್ತರಕ್ಕಿಂತಲೂ ಎಂದೂ ಅಲುಗದ ಸರಿಯುತ್ತರವೇ ಹೆಚ್ಚು ಅನುಮಾನಕ್ಕೆ ಅರ್ಹ.

ತರಗತಿಯಲ್ಲಿ ನಡೆಸುವ ಬಗೆ

ಶಾಲೆಯ ಸಿಬ್ಬಂದಿಯದೋ ಪಾಲಕರದೋ ಒಂದು ಹಳೆಯ ಪೆಟ್ರೋಲ್ ಕಾರು, ಒಂದು ಅಡಾಪ್ಟರ್, ಮೊಬೈಲ್, ಮಲ್ಟಿಮೀಟರ್ ಮತ್ತು ಸಾಧ್ಯವಾದರೆ ಸಮೀಪದ ಗ್ಯಾರೇಜಿನ ಅನುಭವಿ ಮೆಕ್ಯಾನಿಕ್ ಒಬ್ಬರು ಇದ್ದರೆ ಸಾಕು. ಕಾರು ರಾತ್ರಿಯಿಡೀ ನೆರಳಿನಲ್ಲಿ ನಿಂತಿರಬೇಕು. ಬೆಳಿಗ್ಗೆ ಎಂಜಿನ್ ನಡೆಸುವ ಮೊದಲೇ ಕೀಲಿ ತಿರುಗಿಸಿ ಮೂರು ಅಂಕಿಗಳನ್ನು ಬರೆಯಿಸಬೇಕು: ನೀರಿನ ತಾಪಮಾನ, ಒಳಗಾಳಿಯ ತಾಪಮಾನ, ನಳಿಕೆಯ ಒತ್ತಡ. ರಾತ್ರಿಯಿಡೀ ತಣಿದ ಕಾರಿನಲ್ಲಿ ಮೊದಲ ಎರಡು ಒಂದಕ್ಕೊಂದು, ಹಾಗೂ ಗೋಡೆಯ ತಾಪಮಾಪಕಕ್ಕೆ, ಎರಡು ಮೂರು ಡಿಗ್ರಿಗಳ ಒಳಗೆ ಹೊಂದಬೇಕು. ಅನಂತರ ಬಯಲಿನಲ್ಲಿ ಎಂಜಿನ್ ನಡೆಸಿ ಎರಡೆರಡು ನಿಮಿಷಕ್ಕೊಮ್ಮೆ ನೀರಿನ ತಾಪಮಾನವನ್ನು ಗುರುತಿಸಿ ಆಲೇಖ ಹಾಕಿಸಬೇಕು. ರೇಖೆ ಏರಿ, 80ರಿಂದ 90ರ ಹತ್ತಿರ ಬಾಗಿ ಸಮನಾಗುತ್ತದೆ. ಆ ಬಾಗಿನಲ್ಲಿ ಥರ್ಮೋಸ್ಟ್ಯಾಟ್ ತೆರೆದುಕೊಂಡಿರುತ್ತದೆ. ರೇಖೆ ಸೋಮಾರಿಯಂತೆ ಏರಿ 60ರಲ್ಲೇ ಉಳಿದರೆ ಥರ್ಮೋಸ್ಟ್ಯಾಟ್ ತೆರೆದೇ ಸಿಕ್ಕಿಕೊಂಡಿರುವುದು ಸಂಭವ. ಆದರೆ ಅದೇ ಆಕೃತಿಯನ್ನು ಕಿಲುಬಿನ ತಂತಿಯೂ ಕೊಡಬಲ್ಲದು. ಎರಡನ್ನೂ ಬೇರ್ಪಡಿಸಲು ಬೇರೊಂದು ತಾಪಮಾಪಕ ಬೇಕು ಎಂಬ ಮಾತು ಮಕ್ಕಳ ಬಾಯಿಂದಲೇ ಬರುವಂತೆ ಕಾಯಬೇಕು.

ಮಕ್ಕಳಿಂದ ಕಾರು ನಡೆಸಬಾರದು. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಯಾರೂ ತೆರೆಯಕೂಡದು. ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಾಂತಿಕ. ಹಳದಿ ಬಣ್ಣದ ಕಪ್ಲರುಗಳು ಗಾಳಿಚೀಲದವಾಗಿರುವುದರಿಂದ ಅವುಗಳನ್ನು ಮುಟ್ಟಲೇಬಾರದು. ಸಂಕೇತವನ್ನು ಅಳಿಸುವ ಗುಂಡಿಯ ಮೇಲೆ ಮಕ್ಕಳಿಗೆ ಬಹಳ ಮೋಹ. ಅದನ್ನು ಒತ್ತಿದರೆ ದೋಷ ಕಂಡ ಕ್ಷಣದ ಅಂಕಿಗಳೂ ಅಳಿದುಹೋಗುತ್ತವೆ. ಎಲ್ಲವನ್ನೂ ಬರೆದುಕೊಳ್ಳುವವರೆಗೆ ಅದಕ್ಕೆ ಕೈ ಹಚ್ಚಬಾರದು. ಪಾಠ ಮುಗಿದ ಮೇಲೆ ಅಡಾಪ್ಟರನ್ನು ಮರೆಯದೆ ಕಳಚಬೇಕು. ಅದು ಬ್ಯಾಟರಿಯನ್ನು ಸದ್ದಿಲ್ಲದೆ ಹೀರುತ್ತದೆ.

ಕಾರು ದೊರೆಯದ ಶಾಲೆಗಳಿಗಾಗಿ

ಪಾಠಕ್ಕೆಂದು ಹೊಂದಿಸಿದ ಈ ಅಂಕಿಗಳನ್ನು ಹಲಗೆಯ ಮೇಲೆ ಬರೆದು ಚರ್ಚಿಸಬಹುದು. ಸಿದ್ಧೇಶ್ವರ ಜಾತ್ರೆಯ ದಿನಗಳ ಒಂದು ಮುಂಜಾವು. ಹೊರಗಿನ ತಾಪಮಾಪಕ 19 ಡಿಗ್ರಿ. ಸೊಲ್ಲಾಪುರದಲ್ಲಿ ರಾತ್ರಿಯಿಡೀ ನಿಂತ ನಾಲ್ಕು ಕಾರುಗಳು.

ಮೊದಲನೆಯ ಕಾರು: ನೀರು 18, ಒಳಗಾಳಿ 19, ಒತ್ತಡ 96. ಎಂಜಿನ್ ನಡೆಸಿದ ಮೇಲೆ ಎರಡೆರಡು ನಿಮಿಷಕ್ಕೆ 34, 50, 63, 74, 82, 86, 87, 86.

ಎರಡನೆಯದು: ನೀರು 80, ಒಳಗಾಳಿ 19, ಒತ್ತಡ 96. ಹದಿನಾರು ನಿಮಿಷಗಳ ಅನಂತರವೂ ನೀರು 80.

ಮೂರನೆಯದು: ನೀರು 14, ಒಳಗಾಳಿ 19, ಒತ್ತಡ 96. ಹದಿನಾರು ನಿಮಿಷಗಳ ಮೇಲೆ ನೀರು 45ರಲ್ಲಿ ನಿಂತಿದೆ. ಎಂಜಿನ್ನಿಗೆ ಹಿಡಿದ ಬೇರೊಂದು ತಾಪಮಾಪಕ 87 ತೋರಿಸುತ್ತದೆ. ಯಾವ ಸಂಕೇತವೂ ಇಲ್ಲ.

ನಾಲ್ಕನೆಯದು: ನೀರು 19, ಒಳಗಾಳಿ ಮೈನಸ್ 40, ಒತ್ತಡ 96.

ವಿದ್ಯಾರ್ಥಿಗಳನ್ನು ಗುಂಪು ಮಾಡಿ, ಪ್ರತಿ ಕಾರಿನ ಬಗ್ಗೆ ಮೂರು ವಾಕ್ಯ ಬರೆಯಿಸಬೇಕು: ಗಣಕ ಏನನ್ನು ನಂಬಿದೆ, ಆ ನಂಬಿಕೆಯನ್ನು ಯಾವ ಅಂಕಿ ಅಲ್ಲಗಳೆಯುತ್ತದೆ, ಮುಂದೆ ಏನನ್ನು ಅಳೆಯಬೇಕು. 'ಸೆನ್ಸರ್ ಬದಲಿಸಬೇಕು' ಎಂಬ ವಾಕ್ಯಕ್ಕೆ ಅಂಕವಿಲ್ಲ ಎಂದು ಮೊದಲೇ ತಿಳಿಸಿಬಿಡಬೇಕು. ಎರಡನೆಯ ಕಾರು ಬದಲಿ ಅಂಕಿಯ ಪ್ರಕರಣ, ಮೂರನೆಯದು ಕಿಲುಬಿನದು, ನಾಲ್ಕನೆಯದರಲ್ಲಿ ಒಳಗಾಳಿಯ ಸಂವೇದಕ, ಅದರ ತಂತಿ ಅಥವಾ ಬಿಚ್ಚಿಹೋದ ಕಪ್ಲರ್, ಮೂರೂ ಸಾಧ್ಯ. ಮೊದಲು ಕಪ್ಲರನ್ನು ನೋಡಬೇಕು ಎಂದವರಿಗೆ ಪೂರ್ಣ ಅಂಕ. ಅದಕ್ಕೆ ತಗಲುವ ಖರ್ಚು ಸೊನ್ನೆ.

ಮೊದಲನೆಯ ಕಾರಿನಲ್ಲಿ ದೋಷ ಹುಡುಕುವ ಗುಂಪು ಒಂದಾದರೂ ಇರುತ್ತದೆ. 18 ಮತ್ತು 19ರ ನಡುವಿನ ಒಂದು ಡಿಗ್ರಿಯನ್ನು ಹಿಡಿದು ಅವರು ವಾದಿಸುತ್ತಾರೆ. ಅಳತೆಯಲ್ಲಿ ಎಷ್ಟು ವ್ಯತ್ಯಾಸ ಸಹಜ, ಎಷ್ಟು ಅಲ್ಲ ಎಂಬ ಚರ್ಚೆಗೆ ಉಳಿದ ಸಮಯವನ್ನು ಕೊಡಬೇಕು. ಆ ಗುಂಪಿನವರ ಬಾಯಿ ಮುಚ್ಚಿಸಬಾರದು.